ಕ್ಯಾಶುವಾಲಿಟಿ ನರ್ಸ್‌ಗಳಿಗೆ ಮಕ್ಕಳ ತುರ್ತು ಆರೈಕೆಯ ತರಬೇತಿ ನಡೆಸುವ ಬಗೆ

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಗೆ ರಾತ್ರಿ ಬರುವವರಲ್ಲಿ ಹೆಚ್ಚಿನವರು ದೊಡ್ಡವರು. ಉಸಿರಿಗೆ ಒದ್ದಾಡುವ ಎಂಟು ತಿಂಗಳ ಕೂಸು ಅಪರೂಪಕ್ಕೊಮ್ಮೆ ಬರುತ್ತದೆ. ಬಂದಾಗ, ಮಕ್ಕಳ ತಜ್ಞರು ಮನೆಯಿಂದ ಬಂದು ಮುಟ್ಟುವವರೆಗೆ ಅದರ ಜೀವ ಪಾಳಿಯಲ್ಲಿರುವ ನರ್ಸ್ ಕೈಯಲ್ಲಿರುತ್ತದೆ. ಆ ಕೆಲವು ನಿಮಿಷಗಳನ್ನೇ ಗುರಿಯಾಗಿಟ್ಟುಕೊಂಡು ತರಬೇತಿಯನ್ನು ರೂಪಿಸಬೇಕು. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಸಿಸ್ಟರ್‌ಗಳು ಕೂಡ ಮಗುವಿನ ಮುಂದೆ ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಲೆಕ್ಕ ತಪ್ಪೀತು, ಇಷ್ಟು ಪುಟ್ಟ ಮೈಗೆ ನನ್ನ ಕೈಯಿಂದ ಏನಾದರೂ ಆದೀತು ಎಂಬ ಅಂಜಿಕೆ ಅದು. ಸಭಾಂಗಣದ ಉಪನ್ಯಾಸಕ್ಕೆ ಈ ಅಂಜಿಕೆ ಕರಗುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ಪಾಳಿ ಬದಲಾಗುವ ಹೊತ್ತಿನಲ್ಲಿ, ಕ್ಯಾಶುವಾಲಿಟಿಯಲ್ಲೇ, ಅಲ್ಲಿರುವ ಸಾಮಾನುಗಳಿಂದಲೇ ಇಪ್ಪತ್ತು ನಿಮಿಷ ಅಭ್ಯಾಸ ಮಾಡಿಸಿ.

ಮೊದಲು ನೋಡುವುದನ್ನು ಕಲಿಸಿ. ಮಗು ತಾಯಿಯ ಮಡಿಲಲ್ಲೇ ಇರಲಿ. ಮುಟ್ಟಿದೊಡನೆ ಅದು ಅಳುತ್ತದೆ, ಅತ್ತರೆ ಉಸಿರಾಟದ ನಿಜಸ್ಥಿತಿ ತಿಳಿಯುವುದಿಲ್ಲ. ನರ್ಸ್ ಎರಡು ಹೆಜ್ಜೆ ದೂರ ನಿಂತು, ಅರ್ಧ ನಿಮಿಷದೊಳಗೆ ಮೂರು ಸಂಗತಿಗಳನ್ನು ಬಾಯಿಬಿಟ್ಟು ಹೇಳಬೇಕು: ಮಗು ಗೆಲುವಾಗಿದೆಯೇ ಅಥವಾ ಜೋಲು ಬಿದ್ದಿದೆಯೇ, ಉಸಿರಾಡುವಾಗ ಪಕ್ಕೆ ಒಳಸೆಳೆಯುತ್ತಿದೆಯೇ, ಮೈಬಣ್ಣ ಬಿಳಿಚಿಕೊಂಡಿದೆಯೇ ಅಥವಾ ನೀಲಿಗಟ್ಟಿದೆಯೇ. ಆಮೇಲೆ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ಕೂಸುಗಳ ಉಸಿರು ಒಂದೇ ಲಯದಲ್ಲಿರುವುದಿಲ್ಲವಾದ್ದರಿಂದ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇಲ್ಲಿ ಮೋಸಮಾಡುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ.

ರಕ್ತದೊತ್ತಡದ ವಿಷಯದಲ್ಲಿ ದೊಡ್ಡವರನ್ನು ನೋಡಿಕೊಂಡ ಅಭ್ಯಾಸವೇ ಅಡ್ಡಬರುತ್ತದೆ. ಮಗುವಿನ ದೇಹ ಕೊನೆಯವರೆಗೂ ಒತ್ತಡವನ್ನು ಕಾಯ್ದುಕೊಂಡು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹೀಗಾಗಿ ಬಿ.ಪಿ. ಸರಿಯಾಗಿದೆ ಎಂದು ಸಮಾಧಾನಪಡದೆ, ಕೈಕಾಲು ತಣ್ಣಗಿವೆಯೇ, ನಾಡಿ ಕ್ಷೀಣವಾಗಿ ವೇಗವಾಗಿ ಓಡುತ್ತಿದೆಯೇ, ಉಗುರನ್ನು ಒತ್ತಿಬಿಟ್ಟರೆ ಬಣ್ಣ ಮರಳಲು ಮೂರು ಸೆಕೆಂಡ್‌ಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ನೋಡುವುದನ್ನು ರೂಢಿಮಾಡಿಸಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಔಷಧದ ಲೆಕ್ಕಕ್ಕೆ. ಮಗು ಒಳಬಂದೊಡನೆ ತೂಕ ನೋಡಿ, ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು. ತೂಗಲು ಆಗದಿದ್ದರೆ, ಒಂದು ವರ್ಷ ದಾಟಿದ ಮಗುವಿನ ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ: ಮೂರು ವರ್ಷಕ್ಕೆ 14 ಕಿಲೋ. ಸೊರಗಿದ ಮಕ್ಕಳ ತೂಕ ಇದಕ್ಕಿಂತ ಕಡಿಮೆ ಇರುತ್ತದೆ. ನಂತರ ಪ್ರತಿಯೊಬ್ಬರಿಗೂ ಒಂದೊಂದು ಅಡ್ರಿನಲಿನ್ ಆಂಪೂಲ್ ಕೊಡಿ. ಅವಧಿ ಮುಗಿದದ್ದಾದರೂ ಅಭ್ಯಾಸಕ್ಕೆ ನಡೆದೀತು, ಮುಗಿದೊಡನೆ ಎಣಿಸಿ ವಾಪಸು ಪಡೆಯಿರಿ. ಒಂದು ಮಿ.ಲೀ. ಆಂಪೂಲಿನಲ್ಲಿ 1 ಮಿ.ಗ್ರಾಂ ಇರುತ್ತದೆ. ಅದನ್ನು ಹತ್ತು ಮಿ.ಲೀ. ಸಿರಿಂಜಿಗೆ ಎಳೆದು, 9 ಮಿ.ಲೀ. ನಾರ್ಮಲ್ ಸಲೈನ್ ಸೇರಿಸಿ, ಸಿರಿಂಜಿಗೆ ಕೂಡಲೇ ಚೀಟಿ ಅಂಟಿಸಬೇಕು. ಹೃದಯ ನಿಂತಾಗ ರಕ್ತನಾಳಕ್ಕೆ ಕೊಡುವುದು ಈ ದ್ರಾವಣವನ್ನು, ಕಿಲೋಗೆ 0.1 ಮಿ.ಲೀ. ಲೆಕ್ಕದಲ್ಲಿ; ಎಂಟು ಕಿಲೋ ಕೂಸಿಗೆ 0.8 ಮಿ.ಲೀ. ಒಬ್ಬರು ಎಳೆಯುವಾಗ ಇನ್ನೊಬ್ಬರು ಅಂಕಿಯನ್ನು ಗಟ್ಟಿಯಾಗಿ ಓದಲಿ. ತೀವ್ರ ಅಲರ್ಜಿಯಲ್ಲಿ ತೊಡೆಯ ಸ್ನಾಯುವಿಗೆ ಕೊಡುವುದು ಬೆರಕೆ ಮಾಡದ ಔಷಧ, ಕಿಲೋಗೆ 0.01 ಮಿ.ಲೀ. ಮಾತ್ರ. ಈ ಎರಡರ ನಡುವಿನ ವ್ಯತ್ಯಾಸ ಬೆರಳುಗಳಿಗೆ ಒಗ್ಗುವವರೆಗೆ ಮತ್ತೆ ಮತ್ತೆ ಮಾಡಿಸಿ. ಎಲ್ಲವನ್ನೂ ತೂಕದ ಮೇಲೆ ಕಲಿಸಿದ ನಂತರ ಒಂದು ಅಪವಾದವನ್ನೂ ಹೇಳಲೇಬೇಕು: ಹಾವು ಚುಚ್ಚುವ ವಿಷದ ಪ್ರಮಾಣ ಮಗುವಾದರೂ ದೊಡ್ಡವರಾದರೂ ಅಷ್ಟೇ ಆದ್ದರಿಂದ, ಪ್ರತಿವಿಷದ ಡೋಸನ್ನು ಮಗುವೆಂದು ಇಳಿಸುವಂತಿಲ್ಲ.

ಉಸಿರು ಕೊಡುವುದನ್ನು ಬೊಂಬೆಯ ಮೇಲೆ ಕಲಿಸಿ. ಕೂಸಿನ ತಲೆ ದೊಡ್ಡದಾದ್ದರಿಂದ ಮಲಗಿಸಿದಾಗ ಕತ್ತು ಮುಂದಕ್ಕೆ ಬಾಗಿ ಶ್ವಾಸನಾಳ ಮಡಚಿಕೊಳ್ಳುತ್ತದೆ. ಹೆಗಲ ಕೆಳಗೆ ಮಡಚಿದ ಟವೆಲ್ ಇಟ್ಟರೆ ಸರಿಹೋಗುತ್ತದೆ. ಮಾಸ್ಕ್ ಮೂಗಿನ ಬುಡದಿಂದ ಗದ್ದದವರೆಗೆ ಕೂರಬೇಕು, ಕಣ್ಣನ್ನು ಒತ್ತಬಾರದು. ಮಾಸ್ಕಿಗೆ ಜೋಡಿಸಿದ, ಗಾಳಿ ಊದುವ ಆಂಬು ಬ್ಯಾಗನ್ನು ಎದೆ ಮೇಲೇಳುವಷ್ಟೇ ಅದುಮಬೇಕು; ಹೆಚ್ಚು ಅದುಮಿದರೆ ಗಾಳಿ ಹೊಟ್ಟೆ ಸೇರಿ ವಾಂತಿಯಾಗುತ್ತದೆ. ಹೃದಯ ನಿಂತಿದ್ದರೆ ಎದೆಯನ್ನೂ ಒತ್ತಬೇಕು: ಇಬ್ಬರಿದ್ದರೆ 15 ಒತ್ತುಗಳಿಗೆ 2 ಉಸಿರು, ಒಬ್ಬರೇ ಇದ್ದರೆ 30ಕ್ಕೆ 2. ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳ, ನಿಮಿಷಕ್ಕೆ 100ರಿಂದ 120ರ ವೇಗ.

ತಾಯಿಯನ್ನು ಹೊರಗೆ ಕಳಿಸುವ ಪದ್ಧತಿಯನ್ನು ದಯವಿಟ್ಟು ಬಿಡಿಸಿ. ಅಭ್ಯಾಸದಲ್ಲಿ ಒಬ್ಬ ನರ್ಸ್ ತಾಯಿಯ ಪಾತ್ರ ವಹಿಸಲಿ, ಇನ್ನೊಬ್ಬರು ಆಕೆಗೆ, "ಅಮ್ಮಾ, ಮಗುವನ್ನು ಮಡಿಲಲ್ಲೇ ಇಟ್ಟುಕೊಳ್ಳಿ, ಈ ಆಕ್ಸಿಜನ್ ಪೈಪನ್ನು ಮುಖದ ಹತ್ತಿರ ಹಿಡಿದಿರಿ" ಎಂದು ಶಾಂತವಾಗಿ ಹೇಳಿ ಅಭ್ಯಾಸಮಾಡಲಿ. ಸೀಮೆಎಣ್ಣೆ ಕುಡಿದ ಮಗುವನ್ನು ತಂದವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟಾಗ, ಹಾಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆಂದು ಗದರದೆ ತಿಳಿಹೇಳಿ ತಡೆಯುವುದೂ ಇದೇ ಪಾಠದ ಭಾಗ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸೇರಿ ಮಕ್ಕಳ ಡ್ರಾಯರನ್ನು ತೆರೆಯಿರಿ. ಅತಿ ಚಿಕ್ಕ ಮಾಸ್ಕ್, ರಕ್ತನಾಳಕ್ಕೆ ಹಾಕುವ 24ನೇ ನಂಬರಿನ ಸಣ್ಣ ಕ್ಯಾನುಲಾ, ಒಂದು ಮಿ.ಲೀ. ಸಿರಿಂಜುಗಳು ಅಲ್ಲಿವೆಯೇ ಎಂದು ಅಂದು ಪಾಳಿಗೆ ಬಂದಿರುವ ಅತ್ಯಂತ ಕಿರಿಯ ನರ್ಸ್ ತನ್ನ ಕೈಯಿಂದ ಎತ್ತಿ ತೋರಿಸಲಿ. ಇಲ್ಲದ್ದನ್ನು ಅದೇ ಹೊತ್ತಿನಲ್ಲಿ ಸ್ಟೋರಿನಿಂದ ತರಿಸಿಡಿ.