ಟೆಂಜಾನ್ ಮಾಡೆಲ್ ಕಟ್ಟುವುದು ಹೇಗೆ: ವಾಲಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ

ಜಪಾನಿನ ಎರಡನೇ ಮಹಾಯುದ್ಧದ ವಿಮಾನ ಎಂದರೆ ಝೀರೊ ಎಲ್ಲರಿಗೂ ಗೊತ್ತು. ಪರ್ಲ್ ಹಾರ್ಬರ್ ಮೇಲೆ ಟಾರ್ಪಿಡೊ ಬಿಟ್ಟ ‘ಕೇಟ್’ ಸ್ವಲ್ಪ ಮಂದಿಗೆ ಗೊತ್ತು. ಕೇಟ್‌ನ ಜಾಗಕ್ಕೆ ಬಂದ ನಕಾಜಿಮಾ ಬಿ6ಎನ್ ‘ಟೆಂಜಾನ್’ ಮಾತ್ರ ತೆರೆಮರೆಯಲ್ಲೇ ಉಳಿಯಿತು. ಒಟ್ಟು 1,268 ತಯಾರಾದವು. ಇಂದು ಉಳಿದಿರುವುದು ಒಂದೇ, ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ. ಈ ವಿಮಾನದ ರೂಪವನ್ನು ನಿರ್ಧರಿಸಿದ್ದು ಎರಡು ಸಂಗತಿ: ವಿಮಾನವಾಹಕ ನೌಕೆಯ ಲಿಫ್ಟ್‌ನ ಅಳತೆ ಮತ್ತು ಹೊಟ್ಟೆಯಡಿಯ 800 ಕಿಲೊ ಟಾರ್ಪಿಡೊ. ಹಾಗಾಗಿ ಇದರಲ್ಲಿ ಓರೆಕೋರೆ ಜಾಸ್ತಿ. ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟುವ ಇದರ ಮಾಡೆಲ್ ಕೆಡುವುದು ಹೆಚ್ಚಾಗಿ ಆ ಓರೆಗಳನ್ನು ‘ಸರಿಪಡಿಸಲು’ ಹೋದಾಗ.

ಮೊದಲು ಮಾದರಿ ಗೊತ್ತುಮಾಡಿಕೊಳ್ಳಿ

ಟೆಂಜಾನ್‌ನಲ್ಲಿ ಮುಖ್ಯವಾಗಿ ಎರಡು ಮಾದರಿ. ಬಿ6ಎನ್1ಕ್ಕೆ ನಕಾಜಿಮಾ ಕಂಪನಿಯದೇ ‘ಮಾಮೊರು’ ಎಂಜಿನ್. ಬಿ6ಎನ್2ಕ್ಕೆ ಮಿತ್ಸುಬಿಷಿಯ 1,850 ಅಶ್ವಶಕ್ತಿಯ ‘ಕಾಸೆಯ್ 25’, ಎರಡು ಸಾಲಿನಲ್ಲಿ 14 ಸಿಲಿಂಡರ್. ಹೊರಗಿನಿಂದ ಗುರುತು ಹಿಡಿಯಲು ಹೊಗೆಕೊಳವೆ ನೋಡಿ. ಬಿ6ಎನ್1ರಲ್ಲಿ ಎರಡೂ ಬದಿಗೆ ಒಂದೊಂದು ದೊಡ್ಡ ಕೊಳವೆ. ಬಿ6ಎನ್2ರಲ್ಲಿ ಹಲವು ಸಣ್ಣವು, ರಾತ್ರಿ ಹಾರಾಟದಲ್ಲಿ ಬೆಂಕಿಯ ಬೆಳಕು ಕಡಿಮೆ ಕಾಣಲಿ ಎಂದು. ಹಿಂಗಾಲಿ (ಬಾಲದಡಿಯ ಚಕ್ರ) ಒಂದನೆಯದರಲ್ಲಿ ಒಳಗೆ ಮಡಚುತ್ತದೆ, ಎರಡನೆಯದರಲ್ಲಿ ಹೊರಗೇ ಇರುತ್ತದೆ. ಹಾಸೆಗಾವಾ ಕಂಪನಿಯ 1/48 (ನಿಜ ಅಳತೆಯ 48ರಲ್ಲಿ ಒಂದು ಪಾಲು) ಬಿ6ಎನ್2 ಕಿಟ್ ಕಲಿಯುವವರಿಗೂ ಕೈಗೆಟಕುವಂಥದ್ದು. ಈ ಅಳತೆಯಲ್ಲಿ ರೆಕ್ಕೆಯ ತುದಿಯಿಂದ ತುದಿಗೆ 31 ಸೆಂ.ಮೀ., ಉದ್ದ ಸುಮಾರು 22.6 ಸೆಂ.ಮೀ. ಶೋಕೇಸ್ ಚಿಕ್ಕದಿದ್ದರೆ 1/72 ಕೊಳ್ಳಿ. ಅದರ ರೆಕ್ಕೆ 21 ಸೆಂ.ಮೀ. ಒಳಗೇ ಮುಗಿಯುತ್ತದೆ.

ಕಾಕ್‌ಪಿಟ್ ಮತ್ತು ಒಡಲು

ಸ್ಪ್ರೂಗಳನ್ನು (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಮುಂದೆ ಮಾಸ್ಕಿಂಗ್ ಟೇಪ್ ಎಳೆದಾಗ ಬಣ್ಣವೂ ಜೊತೆಗೇ ಕಿತ್ತು ಬರುತ್ತದೆ.

ಮೂವರು ಕೂರುವ ಉದ್ದನೆಯ ಗಾಜಿನ ಮನೆ ಇದು, ಒಳಗಿನದೆಲ್ಲ ಕಾಣುತ್ತದೆ. ಟಮಿಯಾ ಕಂಪನಿಯ ಹಸಿರು ಬಣ್ಣ ಎಕ್ಸ್‌ಎಫ್-71 ಹೊಡೆದು, ತೆಳು ಕಪ್ಪು ವಾಶ್ (ನೀರಾಗಿಸಿದ ಬಣ್ಣ) ಕೊಟ್ಟು, ಅಂಚುಗಳಿಗೆ ಬಣ್ಣ ಒರೆಸಿದ ಒಣ ಬ್ರಷ್ ಆಡಿಸಿದರೆ ಸಾಕು. ಚಕ್ರ ಮಡಚುವ ಗೂಡಿಗೆ ಜಪಾನೀಯರು ‘ಅವೊತಾಕೆ’ ಎನ್ನುವ ನೀಲಿ-ಹಸಿರು ಪಾರದರ್ಶಕ ಲೇಪ. ಮೊದಲು ಅಲ್ಯುಮಿನಿಯಂ ಬಣ್ಣ, ಮೇಲೆ ಕ್ಲಿಯರ್ ಬ್ಲೂ ಎಕ್ಸ್-23 ಮತ್ತು ಕ್ಲಿಯರ್ ಗ್ರೀನ್ ಎಕ್ಸ್-25 ಅರ್ಧಕ್ಕರ್ಧ ಬೆರೆಸಿ ತೆಳುವಾಗಿ ಎರಡು ಕೋಟು. ದಪ್ಪಗೆ ಹೊಡೆದರೆ ಕೆಳಗಿನ ಲೋಹದ ಹೊಳಪು ಸತ್ತು ಬಾಟಲಿ ಗಾಜಿನಂತಾಗುತ್ತದೆ.

ಒಡಲಿನ ಎರಡು ಹೋಳು ಅಂಟಿಸುವ ಮೊದಲು ರೆಕ್ಕೆ ಸೇರಿಸಿ ನೋಡಿ, ಅಂಟು ಬೇಡ. ರೆಕ್ಕೆಯ ಬುಡದಲ್ಲಿ ಬಿರುಕು ಕಂಡರೆ ಪುಟ್ಟಿ ಡಬ್ಬಿಗೆ ಕೈ ಹಾಕಬೇಡಿ. ಸ್ಪ್ರೂ ತುಂಡೊಂದನ್ನು ಅಳತೆಗೆ ಕತ್ತರಿಸಿ ಒಡಲೊಳಗೆ ಅಡ್ಡ ಕೊಟ್ಟರೆ ಎರಡೂ ಗೋಡೆ ಹೊರಕ್ಕೆ ಸರಿದು ಬಿರುಕು ಮುಚ್ಚುತ್ತದೆ. ಪುಟ್ಟಿ ತುಂಬಿ ಉಜ್ಜಿದರೆ ಸುತ್ತಲಿನ ಪ್ಯಾನೆಲ್ ಗೆರೆಗಳೂ ಅಳಿಸಿಹೋಗುತ್ತವೆ. ಮೂತಿಯಲ್ಲಿ ತೂಕ ತುಂಬುವ ಕೆಲಸವಿಲ್ಲ, ವಿಮಾನ ಹೇಗೂ ಬಾಲದ ಮೇಲೆ ಕೂರುತ್ತದೆ.

ಬಾಲವೂ ಮೂಲೆಮಟ್ಟವೂ

ಜಪಾನಿನ ನೌಕೆಗಳ ಲಿಫ್ಟ್‌ಗೆ ವಿಮಾನದ ಉದ್ದ 11 ಮೀಟರ್ ಮೀರುವಂತಿರಲಿಲ್ಲ. ಟೆಂಜಾನ್ 10.87 ಮೀಟರ್. ಅಷ್ಟರಲ್ಲಿ ನಿಲ್ಲಿಸಲು ಲಂಬ ಬಾಲದ ಹಿಂದಂಚನ್ನು ಮುಂದಕ್ಕೆ ಬಾಗಿಸಿದರು. ಹಾರುವಾಗ ಅದು ಮುಂದಕ್ಕೆ ವಾಲಿದಂತೆ ಕಾಣುತ್ತದೆ, ಮೂರು ಚಕ್ರದ ಮೇಲೆ ಕೂತಾಗ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಇದರಿಂದ ನಮಗೊಂದು ಉಪಯೋಗವಿದೆ. ಕಾಲು ಜೋಡಿಸಿ, ಅಂಟು ಇನ್ನೂ ಮೆತ್ತಗಿರುವಾಗಲೇ ಮಾಡೆಲನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಬಾಲದ ಹಿಂದೆ ಮೂಲೆಮಟ್ಟ ನಿಲ್ಲಿಸಿ. ರಡರ್‌ನ (ಲಂಬ ಬಾಲದ ತಿರುಗುವ ಹಿಂಭಾಗ) ಅಂಚು ಪಕ್ಕದಿಂದ ನೋಡಿದಾಗ ಮೂಲೆಮಟ್ಟಕ್ಕೆ ಸಮಾನಾಂತರವಾಗಿ ಕಾಣಬೇಕು. ಎದ್ದು ಕಾಣುವಷ್ಟು ವಾಲಿದ್ದರೆ ಮುಂಗಾಲು ಗೂಡಿನೊಳಗೆ ಪೂರ್ತಿ ಕೂತಿಲ್ಲ, ಇಲ್ಲವೇ ಹಿಂಗಾಲಿ ಸೊಟ್ಟಗಿದೆ ಎಂದೇ ಲೆಕ್ಕ.

ಇನ್ನೊಂದು ಓರೆ ಕಣ್ಣಿಗೆ ಬೀಳುವುದೇ ಕಷ್ಟ. ನಾಲ್ಕು ಅಲಗಿನ ಪ್ರೊಪೆಲ್ಲರ್‌ನ ತಿರುಚುವಿಕೆಗೆ ಪ್ರತಿಯಾಗಿ ಲಂಬ ಬಾಲವನ್ನು 2 ಡಿಗ್ರಿ 10 ಮಿನಿಟ್‌ನಷ್ಟು ಎಡಕ್ಕೆ ತಿರುಗಿಸಿದ್ದರು. 1/48ರಲ್ಲಿ ಇದು ಒಂದು ಮಿಲಿಮೀಟರ್ ಆಸುಪಾಸು. ನಿಮ್ಮ ಕಿಟ್‌ನಲ್ಲಿ ಬಾಲ ತುಸು ಎಡಕ್ಕಿದ್ದರೆ ಹಾಗೇ ಬಿಡಿ. ನೇರವಾಗಿದ್ದರೂ ಬಿಡಿ, ಅಷ್ಟಕ್ಕಾಗಿ ಕತ್ತರಿಸುವುದು ನಷ್ಟದ ವ್ಯಾಪಾರ.

ಬಣ್ಣ

ಮೇಲ್ಭಾಗ ಕಡುಹಸಿರು (ಎಕ್ಸ್‌ಎಫ್-11), ಹೊಟ್ಟೆ ಬೂದು (ಎಕ್ಸ್‌ಎಫ್-12). ರೆಕ್ಕೆಯ ಮುಂದಂಚಿನ ಹಳದಿ ಪಟ್ಟಿಯಿಂದಲೇ ಶುರುಮಾಡಿ: ಬಿಳಿ ಹೊಡೆದು ಹಳದಿ, ಆಮೇಲೆ ಟೇಪ್ ಹಾಕಿ ಬೂದು, ಕೊನೆಗೆ ಹಸಿರು. ಹಸಿರಿನ ಮೇಲೆ ಹಳದಿ ಹಚ್ಚಿದರೆ ಎಷ್ಟು ಕೋಟು ಕೊಟ್ಟರೂ ಕೊಳಕು ಬಣ್ಣ.

ಕ್ಯಾನಪಿಯ (ಕಾಕ್‌ಪಿಟ್‌ನ ಗಾಜಿನ ಮುಚ್ಚಳ) ಚೌಕಟ್ಟಿಗೆ ಮೊದಲು ಒಳಗಿನ ಹಸಿರು, ಒಣಗಿದ ಮೇಲೆ ಹೊರಗಿನದು. ಗಾಜಿನ ಮೂಲಕ ನೋಡಿದರೆ ಚೌಕಟ್ಟಿನ ಒಳಮೈ ಸರಿಯಾದ ಬಣ್ಣದಲ್ಲೇ ಕಾಣುತ್ತದೆ. ಅಂಟಿಸಲು ಬಿಳಿ ಫೆವಿಕಾಲ್. ಸೂಪರ್ ಗ್ಲೂ ಆವಿ ಪಾರದರ್ಶಕ ಭಾಗವನ್ನು ಒಳಗಿನಿಂದ ಮಂಜಾಗಿಸುತ್ತದೆ. ಮುಚ್ಚಿದ ಕ್ಯಾನಪಿಯೊಳಗೆ ಅದನ್ನು ಒರೆಸುವುದು ಹೇಗೆ?

ಡೆಕಾಲ್‌ಗೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಮುಂಚೆ ಹೊಳಪು ವಾರ್ನಿಷ್‌ನ ಕೋಟು ಬೇಕೇ ಬೇಕು. ಮ್ಯಾಟ್ ಮೇಲ್ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡೆಕಾಲ್ ಅಂಚು ಬೆಳ್ಳಿಯಂತೆ ಮಿನುಗುತ್ತದೆ. ಹಳೆಯ ಕಿಟ್‌ನ ಡೆಕಾಲ್ ಹಾಳೆ ಹಳದಿಯಾಗಿದ್ದರೆ ಜಿಪ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಡಿ. ಕೊನೆಯ ಮ್ಯಾಟ್ ವಾರ್ನಿಷ್ ಲ್ಯಾಕರ್ ಆಗಿದ್ದರೆ ಮಳೆ ಸುರಿಯುವ ದಿನ ಮುಟ್ಟಬೇಡಿ. ಕರಾವಳಿಯ ಆಷಾಢದ ತೇವಕ್ಕೆ ಕಡುಹಸಿರಿನ ಮೇಲೆ ಬಿಳಿ ಬೂಷ್ಟಿನಂಥ ಪೊರೆ ಏಳುತ್ತದೆ.

ಜಪಾನಿ ವಿಮಾನ ಎಂದ ಕೂಡಲೇ ಮೈಯೆಲ್ಲ ಬಣ್ಣ ಕಿತ್ತಂತೆ ತೋರಿಸುವ ಚಾಳಿಯೊಂದಿದೆ. ಸಿಬ್ಬಂದಿ ಕಾಲಿಡುವ ರೆಕ್ಕೆಯ ಬುಡ, ಎಂಜಿನ್ ಸುತ್ತಲಿನ ಕೌಲಿಂಗ್ ಮುಚ್ಚಳದ ಅಂಚು, ಪ್ರೊಪೆಲ್ಲರ್ ಅಲಗಿನ ಮುಂದಂಚು, ಇಷ್ಟಕ್ಕೆ ಸ್ಪಂಜಿನ ತುಂಡಿನಿಂದ ಬೆಳ್ಳಿ ಬಣ್ಣ ತಟ್ಟಿದರೆ ಧಾರಾಳ.

ಟಾರ್ಪಿಡೊ

ಟೆಂಜಾನ್‌ನ ಟಾರ್ಪಿಡೊ ಹೊಟ್ಟೆಯ ನಡುಗೆರೆಯಲ್ಲಿ ಇರುವುದಿಲ್ಲ. ಪೈಲಟ್ ಕೂತ ದಿಕ್ಕಿನಿಂದ ನೋಡಿದರೆ ಬಲಕ್ಕೆ ಸರಿದಿರುತ್ತದೆ. ಕಿಟ್ ತಪ್ಪೆಂದುಕೊಂಡು ತೂತು ಮುಚ್ಚಿ ನಡುವಿಗೆ ತರುವವರಿದ್ದಾರೆ. ಟಾರ್ಪಿಡೊದ ಮೂತಿಯೂ ತುಸು ಕೆಳಮುಖ. ವೇಗವಾಗಿ, ತಗ್ಗಿನಲ್ಲಿ ಬಿಟ್ಟಾಗ ಟಾರ್ಪಿಡೊ ನೀರಿನ ಮೇಲೆ ಪುಟಿಯುತ್ತಿದ್ದರಿಂದ 2 ಡಿಗ್ರಿ ಬಾಗಿಸಿದ್ದರು. 45 ಸೆಂ.ಮೀ. ವ್ಯಾಸದ ಈ ಟೈಪ್ 91 ಟಾರ್ಪಿಡೊ 1/48ರಲ್ಲಿ 9.4 ಮಿ.ಮೀ. ಅದರ ಬಾಲಕ್ಕೆ ಸಿಕ್ಕಿಸಿದ ಹಲಗೆಗಳು ನೀರಿಗೆ ಬಿದ್ದೊಡನೆ ಮುರಿದು ಕಳಚಿಕೊಳ್ಳಲೆಂದೇ ಮಾಡಿದ ಮರದವು, ಲೋಹದ ಬಣ್ಣ ಬಳಿಯದೆ ಮರದ ಬಣ್ಣವನ್ನೇ ಕೊಡಿ. ಟಾರ್ಪಿಡೊ ಕೂರಿಸಿದ ಮೇಲೆ ರೇಡಿಯೊ ತಂತಿ ಎಳೆಯಿರಿ. ಕ್ಯಾನಪಿಯ ಕಂಬಕ್ಕೆ ಮೊದಲು ಅಂಟಿಸಿ, ಒಣಗಿದ ಮೇಲಷ್ಟೇ ಬಾಲದ ತುದಿಗೆ ತನ್ನಿ. ಹಿಗ್ಗುವ ದಾರವಾದರೆ ಧೂಳು ಒರೆಸುವಾಗ ಬೆರಳು ತಾಗಿದರೂ ಕಂಬ ಮುರಿಯುವುದಿಲ್ಲ.