ಸೆಲ್ಫ್ ಹೊಡೆದಾಗ ಇಂಜಿನ್ ನಿಧಾನಕ್ಕೆ ತಿರುಗ್ತಿದೆಯಾ? ಹೀಗೆ ನೋಡಿ

ಸುಮ್ನೆ ಹೊಸ ಬ್ಯಾಟರಿ ತಂದು ಹಾಕಬೇಡಿ. ಮೊದಲು ಒಂದು ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಹುಡುಕಿ.

ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12.2ಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಈಗ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡಿ: ಚಾರ್ಜ್ ಆದ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಬಿದ್ದರೆ ಹೆಚ್ಚಾಗಿ ಬ್ಯಾಟರಿಯದ್ದೇ ತಪ್ಪು, ಆದರೆ ಜಾಸ್ತಿ ಕರೆಂಟ್ ಎಳೆಯುವ ಸ್ಟಾರ್ಟರ್ ಮೋಟರ್ (ಸೆಲ್ಫ್ ಹೊಡೆದಾಗ ಇಂಜಿನ್ ತಿರುಗಿಸುವ ಮೋಟರ್) ಕೂಡ ಹೀಗೆ ಮಾಡುತ್ತದೆ, ಹಾಗಾಗಿ ಅಂಗಡಿಯಲ್ಲಿ ಲೋಡ್ ಟೆಸ್ಟ್ (ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿಯೇ ನಿರ್ಧರಿಸಿ.

ವೋಲ್ಟೇಜ್ ಚೆನ್ನಾಗಿದ್ದೂ ಇಂಜಿನ್ ಎಳೆದಾಡುತ್ತಿದ್ದರೆ ವೈರ್ ಕಡೆ ನೋಡಿ. ಜನ ಇದನ್ನೇ ಬಿಟ್ಟುಬಿಡುತ್ತಾರೆ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲಾಂಪಿಗಲ್ಲ, ಕಂಬಕ್ಕೇ), ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೇಬಲ್ (ಬ್ಯಾಟರಿಯ ನೆಗೆಟಿವ್ ಕಡೆಯ ದಪ್ಪ ವೈರ್) ಅಥವಾ ಅದರ ಜಾಯಿಂಟ್ ಹಾಳಾಗಿದೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ದಪ್ಪ ವೈರಿನ ಬೋಲ್ಟ್‌ವರೆಗೂ ಹೀಗೇ ನೋಡಿ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಿ. ಬಿಚ್ಚುವಾಗ ನೆಗೆಟಿವ್ ಮೊದಲು.

ಎಲ್ಲ ಸರಿ ಇದ್ದರೆ ಸ್ಟಾರ್ಟರ್ ಮೋಟರ್ ಬಿಚ್ಚಿಸಿ ನೋಡಬೇಕು. ಚಳಿಯಲ್ಲಿ ಮಾತ್ರ ಹೀಗಾದರೆ ಇಂಜಿನ್ ಆಯಿಲ್ ದಪ್ಪ ಗ್ರೇಡಿನದ್ದಾ ಅಂತ ನೋಡಿ.

ಒಂದೇ ಸಮ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮೋಟರ್ ಸುಟ್ಟೀತು.