ಮನೆಗೆ ಬೆಲೆ ಕಟ್ಟಿದ ಕಾಗದ ನೋಡಿದ್ರಾ?

ಹಳೇ ಮನೆಯೊಂದನ್ನು ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದ್ದೆವು. ಮಂಜೂರಾದಾಗ ಮೊತ್ತ ಕಮ್ಮಿ ಇತ್ತು. ಕೇಳಿದರೆ ‘ವ್ಯಾಲ್ಯುಯೇಶನ್ ಕಮ್ಮಿ ಬಂದಿದೆ ಸಾರ್’ ಅಂದರು ಬ್ಯಾಂಕಿನವರು. ಮೂರು ಸಲ ಓಡಾಡಿದ ಮೇಲೆ, ಮನೆಗೆ ಬೆಲೆ ಕಟ್ಟಲು ಬ್ಯಾಂಕು ಕಳಿಸಿದ ವ್ಯಾಲ್ಯುಯರ್ ಕೊಟ್ಟ ವರದಿ ಕಣ್ಣಿಗೆ ಬಿತ್ತು. ಕಟ್ಟಡದ ವಯಸ್ಸು 21 ವರ್ಷ ಅಂತ ಬರೆದಿದ್ದರು. ಮನೆಗೆ ಆಗಿದ್ದು 12. ಅಂಕಿ ತಿರುವುಮುರುವಾಗಿತ್ತು, ಅಷ್ಟೇ.

ಆ ‘ಅಷ್ಟೇ’ ಎಷ್ಟು ದುಬಾರಿ ನೋಡಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲವಾದರೆ ಮನೆ ಬೆಲೆಯ 80% ಮೀರಿ ಕೊಡುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಬೆಲೆ ಅಂದರೆ ಸಾಮಾನ್ಯವಾಗಿ ಅಗ್ರಿಮೆಂಟಿನ ಮೊತ್ತ, ವ್ಯಾಲ್ಯುಯರ್ ಹೇಳಿದ ಮೊತ್ತ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದು. 60 ಲಕ್ಷದ ಮನೆಗೆ 48 ಲಕ್ಷದವರೆಗೆ ಸಿಗಬಹುದು. ವ್ಯಾಲ್ಯುಯರ್ 54 ಲಕ್ಷ ಅಂದರೋ, 43.2 ಲಕ್ಷಕ್ಕೇ ನಿಂತಿತು. ಕಮ್ಮಿಬಿದ್ದ ಆ 4.8 ಲಕ್ಷವೂ ನಮ್ಮ ಜೇಬಿಂದ.

ಹಾಗಾಗಿ ಮೊದಲ ಕೆಲಸ: ವ್ಯಾಲ್ಯುಯರ್ ಬರುವ ದಿನ ನೀವು ಅಲ್ಲಿರಿ. ಅವರು ಲೇಸರ್ ಮೀಟರಿನಲ್ಲಿ ಅಳೆದು, ನಾಲ್ಕು ಫೋಟೊ ತೆಗೆದು, ಪಕ್ಕದ ಮನೆಯವರನ್ನು ರೇಟು ಕೇಳಿ ಹೊರಟುಬಿಡುತ್ತಾರೆ. ಅಷ್ಟರಲ್ಲಿ ಒಂದು ಫೈಲು ಅವರ ಕೈಗಿಡಿ. ಕ್ರಯಪತ್ರ, ಇ-ಖಾತಾ, ಮಂಜೂರಾದ ಪ್ಲಾನ್ ಇವುಗಳ ಜೆರಾಕ್ಸ್ ಇರಲಿ. ಮನೆಗೆ ಮೊದಲ ಸಲ ಕಂದಾಯ ಕಟ್ಟಿದ ರಸೀದಿ ಮರೆಯಬೇಡಿ, ವಯಸ್ಸಿಗೆ ಅದೇ ಸಾಕ್ಷಿ. ಫ್ಲ್ಯಾಟ್ ಆದರೆ ಅಳತೆ ಕಾರ್ಪೆಟ್ ಏರಿಯಾದ್ದೋ (ಮನೆಯ ಗೋಡೆಗಳ ಒಳಗಿನ ಜಾಗ) ಸೂಪರ್ ಬಿಲ್ಟಪ್‌ನದ್ದೋ (ಮೆಟ್ಟಿಲು, ಲಿಫ್ಟ್‌ನಂಥ ಎಲ್ಲರ ಜಾಗದ ಪಾಲೂ ಸೇರಿದ್ದು) ಅಂತ ಅಲ್ಲೇ ಕೇಳಿಬಿಡಿ. ಗೈಡೆನ್ಸ್ ವ್ಯಾಲ್ಯೂ ತೋರಿಸಿ ವಾದಕ್ಕೆ ಇಳಿಯಬೇಡಿ. ಅದು ಸ್ಟಾಂಪ್ ಡ್ಯೂಟಿಗೆ ಸರ್ಕಾರ ಇಟ್ಟ ಬೆಲೆ, ಮಾರುಕಟ್ಟೆಯದ್ದಲ್ಲ.

‘ವ್ಯಾಲ್ಯೂ ಜಾಸ್ತಿ ಮಾಡಿಸಿಕೊಡ್ತೀನಿ’ ಅನ್ನುವ ಏಜೆಂಟರೂ ಸಿಗುತ್ತಾರೆ. ಅವರಿಗೆ ಕಮಿಷನ್, ನಿಮಗೆ ಇಪ್ಪತ್ತು ವರ್ಷ ಇಎಂಐ. ಬೇಡ.

ಆಮೇಲೆ ವರದಿಯ ಪ್ರತಿ ಕೇಳಿ, ಬಾಯಿಮಾತಲ್ಲಿ ಅಲ್ಲ, ಇಮೇಲ್‌ನಲ್ಲಿ. ‘ಅದು ನಮ್ಮ ಒಳಗಿನ ಕಾಗದ’ ಅನ್ನುವವರು ಇದ್ದಾರೆ. ಆದರೆ ವ್ಯಾಲ್ಯುಯೇಶನ್ ಫೀ ಕಟ್ಟುವುದು ನೀವು ತಾನೇ? ಹೊರಗಿನವರಿಗೆ ಕೊಡಲು ಅಂತ ಬ್ಯಾಂಕು ನಿಮ್ಮಿಂದ ವಸೂಲಿ ಮಾಡಿದ ಹಣಕ್ಕೆ ರಸೀದಿ, ಸಂಬಂಧಪಟ್ಟ ಕಾಗದ ಎರಡನ್ನೂ ಕೊಡಬೇಕು ಅಂತ ನಿಯಮವೇ ಇದೆ. ಅದನ್ನು ಇಮೇಲ್‌ನಲ್ಲಿ ನೆನಪಿಸಿ. ನಾವು ಕಂದಾಯ ರಸೀದಿ ಲಗತ್ತಿಸಿ ಬರೆದೆವು. 21 ಮತ್ತೆ 12 ಆಯಿತು.

ಮೂರನೆಯದು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ಷರತ್ತು, ಖರ್ಚುಗಳನ್ನು ಒಟ್ಟಿಗೆ ಬರೆದು ಬ್ಯಾಂಕು ಕೊಡುವ ಕಾಗದ. 2024ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಕ್ಕೆ ಇದನ್ನು ಕೊಡಲೇಬೇಕು. ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲಿ ಬೇಕಿದ್ದರೆ ಸಂಕೋಚವಿಲ್ಲದೆ ಕೇಳಿ. ಓದಲು ಕನಿಷ್ಠ ಮೂರು ಕೆಲಸದ ದಿನ ಸಿಗುತ್ತದೆ. ‘ಇವತ್ತೇ ಸಹಿ ಹಾಕಿ, ನಾಳೆ ರೇಟು ಏರುತ್ತೆ’ ಅಂದರೆ ನಗುತ್ತಾ ಎದ್ದು ಬನ್ನಿ. ಅದರಲ್ಲಿ ಎಪಿಆರ್ ಅನ್ನುವ ಅಂಕಿ ಹುಡುಕಿ. ಬಡ್ಡಿಯ ಜೊತೆ ಪ್ರೋಸೆಸಿಂಗ್ ಫೀ, ಬ್ಯಾಂಕಿನ ಮೂಲಕ ಕಟ್ಟುವ ಇನ್ಶೂರೆನ್ಸ್, ಲೀಗಲ್ ಖರ್ಚು ಎಲ್ಲ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತೆ ಅನ್ನುವುದು ಅದು. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದ್ದು ಎಪಿಆರ್‌ನಲ್ಲಿ, ಬೋರ್ಡಿನ ಮೇಲಿನ ಬಡ್ಡಿಯಲ್ಲಿ ಅಲ್ಲ. ಈ ಕಾಗದದಲ್ಲಿ ಇಲ್ಲದ ಚಾರ್ಜನ್ನು ನೀವು ಒಪ್ಪದೆ ಹಾಕುವಂತಿಲ್ಲ.

ಮನೆಯ ಒರಿಜಿನಲ್ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸುವಾಗ ಪ್ರತಿಯೊಂದರ ಹೆಸರು, ನಂಬರು ಬರೆಸಿ ಸೀಲು ಹಾಕಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವು ವಾಪಸ್ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಅವರೇ ಕೊಡಬೇಕು.

ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆಯಿರಿ. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಸಹಾಯವಾಣಿ 14448. ಹೇಳದೆ ಚಾರ್ಜು ಹಾಕಿದ್ದು, ಪತ್ರ ತಡವಾಗಿದ್ದು ಇಂಥವನ್ನು ಅಲ್ಲಿಗೆ ಒಯ್ಯಬಹುದು. ‘ಇನ್ನೂ ಜಾಸ್ತಿ ಸಾಲ ಕೊಡಬೇಕಿತ್ತು’ ಅನ್ನುವ ದೂರು ಮಾತ್ರ ನಡೆಯಲ್ಲ, ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ.